ಆನೆಯಷ್ಟು ದೊಡ್ಡ ಕಾಂಡಕೊರಕ

ನಾನು ಬಿ.ಎಸ್ಸಿ. ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ಅಪ್ಪ ಕೂಲಿಗೆ ಹೋಗುತ್ತಿದ್ದ ಬಾಳೂರಿನ ಎಸ್ಟೇಟಿನ ಮೇಸ್ತ್ರಿ ಸುಬ್ಬಣ್ಣ. ಗಣಿತದ ಮೇಷ್ಟ್ರು ಅದನ್ನು ಅನುಮೋದಿಸಿದರು. ಆದರೂ ಪಾಸಾದೆ. ನಮ್ಮ ವಂಶಕ್ಕೇ ಮೊದಲ ಡಿಗ್ರಿ. ಆದರೆ ಕಷ್ಟಪಟ್ಟು ಓದಿದವನಿಗೆ ಡಿಗ್ರಿಯ ಜೊತೆ ಒಂದು ಕಾಯಿಲೆಯೂ ಅಂಟುತ್ತದೆ. ಮನೆಯವರು ಹೇಳಿದ್ದು ಕಿವಿಗೆ ಹೋಗುವುದಿಲ್ಲ.

ಬಣಕಲ್ ಕಡೆಯ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರಾದ ವರ್ಷ, ಮೂರು ದಿನದ ಕೃಷಿಮೇಳಕ್ಕೆ ಶಾಲೆಯ ಬಯಲಿನಲ್ಲಿ ಏನಾದರೂ ದೊಡ್ಡದನ್ನು ನಿಲ್ಲಿಸಿ ಎಂದು ಹೆಡ್‌ಮಾಸ್ಟರರು ಹೇಳಿದರು. ಕಾಫಿ ಗಿಡವನ್ನು ಒಳಗೊಳಗೇ ತಿಂದು ಒಣಗಿಸುವ, ಉಗುರಿನಷ್ಟೇ ಉದ್ದದ ಕಾಂಡಕೊರಕ ದುಂಬಿಯನ್ನು ಆನೆಯಷ್ಟು ಮಾಡಿ ತೋರಿಸುತ್ತೇನೆಂದೆ. ಸಾಮಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಮೂವತ್ತು ವರ್ಷ ಬೇರೆಯವರ ಗಿಡ ಸಾಕಿದ ಮೇಲೆ ಅಪ್ಪನ ಕೈಗೆ ಬಂದ ಅರ್ಧ ಎಕರೆ ಅರೇಬಿಕಾ ಕಾಫಿ ತೋಟ ಆ ಬಯಲಿನ ಬೇಲಿಯಾಚೆಯೇ ಇತ್ತು. ಕೊರಕ ಹೊಕ್ಕ ಗಿಡಗಳನ್ನು ಅಪ್ಪ ಕಿತ್ತು ಒಟ್ಟಿದ್ದ.

"ಅದು ಸುಡೋಕೆ ಇಟ್ಟಿದ್ದು ಮಗ," ಎಂದ.

"ಇರ್ಲಿ ಬಿಡಪ್ಪ, ನಂಗೆ ಗೊತ್ತು," ಎಂದೆ. ಗೊತ್ತೇ ಇತ್ತು. ಈ ಹುಳು ತಿಂಗಳುಗಟ್ಟಲೆ ಕಾಂಡದೊಳಗೆ ಬೆಳೆದು, ಬಿಸಿಲು ಕಂಡಾಗ ದುಂಬಿಯಾಗಿ ಹೊರಬರುತ್ತದೆಂದು ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದಿದ್ದೆ.

ಬಿದಿರಿನ ಚೌಕಟ್ಟಿಗೆ ಆ ಕಾಂಡಗಳನ್ನು ಕಟ್ಟಿ, ಮಸಿ ಬಳಿದು, ಬೆನ್ನಿಗೆ ಸುಣ್ಣದ ಪಟ್ಟೆ ಎಳೆದೆ. ಜನ ಸುತ್ತು ಹಾಕಿ ನೋಡಿದರು. ಅಜ್ಜಿಯೊಬ್ಬರು ಯಾವುದಕ್ಕೂ ಇರಲಿ ಎಂದು ಕೈಮುಗಿದರು. ಎರಡನೆಯ ದಿನ ಮೋಡ ಸರಿದು ಬಿಸಿಲು ಕಾಯಿತು. ಮಧ್ಯಾಹ್ನ ನನ್ನ ದುಂಬಿಯ ಹೊಟ್ಟೆಯಿಂದ ಒಂದು ನಿಜವಾದ ದುಂಬಿ ಹೊರಬಂತು. ಆಮೇಲೆ ನಾಲ್ಕು. ಆಮೇಲೆ ನಾನು ಎಣಿಸಲಿಲ್ಲ. ಮರಿ ಹಾಕಿತೆಂದು ಮಕ್ಕಳು ಚಪ್ಪಾಳೆ ತಟ್ಟಿದರು. ಬಯಲುಸೀಮೆಯವರಾದ ಹೆಡ್‌ಮಾಸ್ಟರರು ಇದೂ ನನ್ನದೇ ಏರ್ಪಾಡೆಂದು ತಿಳಿದು ಬೆನ್ನು ತಟ್ಟಿದರು. ದುಂಬಿಗಳು ರೆಕ್ಕೆ ಬಿಚ್ಚಿ, ಅಪ್ಪನ ಬೇಲಿ ದಾಟಿ ಹೋದವು, ಮೊಟ್ಟೆಯಿಡಲು.

ಸಂಜೆ ಅಪ್ಪ ಬಂದು, ಯಾರನ್ನೂ ಬೈಯದೆ, ಪ್ರತಿಮೆಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಬೈದಿದ್ದರೆ ವಾಸಿಯಿತ್ತು.

ಮೂರನೆಯ ದಿನ ನನಗೆ ಪ್ರಶಸ್ತಿಪತ್ರ ಕೊಟ್ಟರು. ತೋಟಕ್ಕೆ ಹೋದಾಗ ಅಪ್ಪ ಕುಕ್ಕರುಗಾಲಲ್ಲಿ ಕೂತು, ಮೊಟ್ಟೆ ಉದುರಲೆಂದು ತೆಂಗಿನ ನಾರಿನಿಂದ ಒಂದೊಂದೇ ಕಾಂಡ ಉಜ್ಜುತ್ತಿದ್ದ. ಏನು ಬರೆದಿದ್ದಾರೆಂದು ಕೇಳಿದ. 'ಕಾಂಡಕೊರಕದ ಬಗ್ಗೆ ರೈತರಲ್ಲಿ ಅರಿವು ಮೂಡಿಸಿದ್ದಕ್ಕಾಗಿ' ಎಂದು ಓದಿ, ಕಾಗದ ಅವನ ಕೈಗಿಟ್ಟೆ. ಕೈ ಒರೆಸಿಕೊಂಡೇ ಹಿಡಿದು, ಮೊಹರು ನೋಡಿ, ನಾರಿನ ಇನ್ನೊಂದು ಹಿಡಿಯನ್ನು ನನಗೆ ಕೊಟ್ಟ.

"ಚೆನ್ನಾಗಿದೆ ಮಗ. ನಾನಿದನ್ನ ಒಳಗಿಟ್ಟು ಬರ್ತೀನಿ. ನೀನು ಆ ಸಾಲಿಂದ ಉಜ್ತಾ ಬಾ."