ಹಾಲಿನ ಪುಡಿಯ ಡಬ್ಬಿಯಲ್ಲಿ ಸೂರ್ಯನ ಮುಪ್ಪು

ಸೂರ್ಯನ ಮುಪ್ಪನ್ನು ನಾಲ್ಕೇ ನಿಮಿಷದಲ್ಲಿ ತೋರಿಸಬಲ್ಲೆ ಎಂಬ ಧೈರ್ಯ ನನಗಿತ್ತು. ಆಗ ನಾನು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟರು. ಬಂಗಾರಪೇಟೆಯಿಂದ ಬಂದು ಮಾವನ ಮನೆಯಲ್ಲೇ ಠಿಕಾಣಿ ಹೂಡಿದ್ದ ಅಳಿಯ. ಮಾವ ಮುನಿವೆಂಕಟಪ್ಪನವರು ಗಣಿಯ ತಳದಲ್ಲಿ ಬಂಡೆ ಕೊರೆಯುವವರು. ಅಂಥವರ ಮುಂದೆ ಸೂರ್ಯನ ವಿಷಯದಲ್ಲಿ ನಾನು ಪಂಡಿತ ಎನ್ನಿಸಿಕೊಳ್ಳುವ ಚಪಲವೂ ಸ್ವಲ್ಪ ಇತ್ತು.

ಒಂದು ಶನಿವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ದೂರ ಕೂರಿಸಿ ಗಂಭೀರವಾಗಿ ಪಾಠ ಶುರುಮಾಡಿದೆ. "ಇನ್ನು ಐನೂರು ಕೋಟಿ ವರ್ಷಕ್ಕೆ ಸೂರ್ಯನ ಉರುವಲು ತೀರುತ್ತದೆ. ಆತ ಕೆಂಪಗೆ ಉಬ್ಬುತ್ತಾನೆ. ಆಮೇಲೆ ಮೈಮೇಲಿನ ಹೊದಿಕೆಯನ್ನು ಮೆಲ್ಲಗೆ ಕಳಚುತ್ತಾನೆ. ಅದು ಹೊಳೆಯುವ ಅನಿಲದ ಬಳೆಯಾಗುತ್ತದೆ. ಹಳೆಯ ದೂರದರ್ಶಕಗಳಲ್ಲಿ ಅಂಥವು ಗ್ರಹದಂತೆ ಕಂಡವು, ಅದಕ್ಕೇ ಗ್ರಹೀಯ ನೀಹಾರಿಕೆ ಎಂದು ಹೆಸರು. ನಡುವೆ ಒಂದು ಪುಟ್ಟ ಬಿಳಿ ಕೆಂಡ ಉಳಿಯುತ್ತದೆ."

ಹಾಲಿನ ಪುಡಿಯ ಡಬ್ಬಿಗೆ ಕುಂಕುಮ ಬಳಿದು ಸೂರ್ಯನನ್ನು ಸಿದ್ಧಪಡಿಸಿದ್ದೆ. ಒಳಗೆ ಮಾವನ ಗಣಿ ದೀಪದ ಕಾರ್ಬೈಡ್, ನೀರು ತಾಗಿದರೆ ಉರಿಯುವ ಅನಿಲ ಬಿಡುವಂಥದು, ಕೇಳದೆ ತಂದದ್ದು. ಸಾಕಾಗುತ್ತದೋ ಇಲ್ಲವೋ ಎಂದು ಅನುಮಾನ ಬಂತು. ಸೂರ್ಯ ದೊಡ್ಡವನಲ್ಲವೇ? ಇನ್ನೊಂದು ಹಿಡಿ ಹಾಕಿ, ನೀರು ಬಿಟ್ಟು, ಕಡ್ಡಿ ಗೀರಿದೆ.

ಢಮ್!

ಸೂರ್ಯ ಏನನ್ನೂ ಮೆಲ್ಲಗೆ ಕಳಚಲಿಲ್ಲ. ಮುಚ್ಚಳ ಶಾಲೆಯ ಹೆಂಚು ದಾಟಿ ಹಾರಿತು. ಜೊತೆಗೆ ನನ್ನ ಎಡ ಹುಬ್ಬೂ ಹೋಯಿತು.

ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಅಂಥ ಸದ್ದಿಗೆ ಒಂದೇ ಅರ್ಥ: ಕೆಳಗೆ ಗಣಿಯಲ್ಲಿ ಬಂಡೆ ತಾನಾಗಿ ಸಿಡಿದು ಆಳುಗಳ ಮೇಲೆ ಬಿತ್ತು. ಗಣಿ ಕೆಲಸಗಾರರ ಲೈನು ಮನೆಗಳ ಹೆಂಗಸರೆಲ್ಲ ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಗಣಿಯ ಬಾಯಿಗೆ ಓಡಿದರು. ಹಾಗೆ ಬಂದವರು ತಮ್ಮವರ ಮುಖ ನೋಡದೆ ಮನೆಗೆ ಹಿಂದಿರುಗುವ ಪದ್ಧತಿಯೇ ಇಲ್ಲ.

ನಾನೂ ಓಡಿದೆ. ಹೆಂಡತಿ ರತ್ನ ಮುಂದಿನ ಸಾಲಿನಲ್ಲೇ ನಿಂತಿದ್ದಳು, ಕೈ ತುಂಬ ರಾಗಿ ಹಿಟ್ಟು.

"ಏನೂ ಆಗಿಲ್ಲ, ಎಲ್ಲರೂ ಮನೆಗೆ ಹೋಗಿ. ಸಿಡಿದದ್ದು ನನ್ನ ಡಬ್ಬಿ" ಎಂದೆ.

ಪಕ್ಕದ ಮನೆಯ ಅಂಜಲೈ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನೂ ಆಗಿಲ್ಲ ಅಂತಾನೇ ಮೇಷ್ಟ್ರೇ, ಗಣಿಯೋರು ಯಾವಾಗ್ಲೂ ಏಳೋದು" ಎಂದಳು.

"ರತ್ನಾ, ನೀನಾದರೂ ನಂಬು. ಅದು ಸೂರ್ಯನ ಕೊನೆಗಾಲದ ಪ್ರಯೋಗ."

ರತ್ನ ಗಣಿಯ ಬಾಯಿಂದ ಕಣ್ಣು ಕೀಳಲಿಲ್ಲ. "ಐನೂರು ಕೋಟಿ ವರ್ಸ ಆದ್ಮೇಲೆ ಏನಾಯ್ತದೆ ಅಂತ ನಿಮಗೆ ಗೊತ್ತು. ನಮ್ಮಪ್ಪ ಈವತ್ತು ಮೇಲಕ್ಕೆ ಬತ್ತಾನೋ ಇಲ್ವೋ, ಅದನ್ನೇಳಿ ನೋಡಾನ."

ನಾನು ಅವಳ ಪಕ್ಕ ನಿಂತೆ.

ವಿಚಿತ್ರ ನೋಡಿ, ಸಿಡಿದದ್ದು ಡಬ್ಬಿ ಎಂದು ಆ ಗುಂಪಿನಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಒಂದು ಅನುಮಾನ ಹೊಕ್ಕಿತು. ಅದೇ ಹೊತ್ತಿಗೆ ಕೆಳಗೂ ಏನಾದರೂ ಆಗಿದ್ದರೆ? ನನ್ನ ಸದ್ದಿನಲ್ಲಿ ಆ ಸದ್ದು ಮುಚ್ಚಿಹೋಗಿದ್ದರೆ? ಪಾಳಿ ಮುಗಿಯಿತು. ಆಳುಗಳನ್ನು ಮೇಲೆತ್ತುವ ಕಬ್ಬಿಣದ ತೊಟ್ಟಿಲು ಮೊದಲ ಸಲ ಮೇಲೆ ಬಂತು, ಮಾವ ಇಲ್ಲ. ಎರಡನೆಯದು ಬಂತು, ಇಲ್ಲ. ಮೂರನೆಯದರಲ್ಲಿ ಅಂಜಲೈಯ ಗಂಡ ಬಂದ. ಅವಳು ಅವನಿಗೆ ಎರಡು ಬೈದು ಕರೆದುಕೊಂಡು ಹೋದಳು. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ರತ್ನಳ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದೆನೆಂದು ಆಮೇಲೆ ಅವಳೇ ಹೇಳಿದಳು.

ಕೊನೆಯ ತೊಟ್ಟಿಲಿನಲ್ಲಿ ಮಾವ ಬಂದರು. ಮೈಯೆಲ್ಲ ಬೂದು ಧೂಳು.

"ಯಾರಿಗೇನಾಯ್ತಮ್ಮಾ?" ಎಂದರು.

"ಯಾರಿಗೂ ಏನಿಲ್ಲ. ನಿಮ್ಮಳಿಯ ಸೂರ್ಯನ್ನ ಸಾಯಿಸಿದ್ರು."

ಮಾವ ಕಣ್ಣು ಕಿರಿದುಮಾಡಿ ಇಳಿಬಿಸಿಲನ್ನು ನೋಡಿದರು. ಆಮೇಲೆ ನನ್ನ ಹುಬ್ಬಿಲ್ಲದ ಹಣೆ ನೋಡಿದರು.

"ಇನ್ನೂ ಐತಲ್ಲಪ್ಪಾ" ಎಂದರು. "ಎದರ್ಕೋಬೇಡ, ನಾನಿದೀನಿ. ನಡಿ ಓಗಾನ."

ಎಂಟು ಗಂಟೆ ನೆಲದಡಿಯಲ್ಲಿದ್ದು ಬಂದ ಮನುಷ್ಯ ನನಗೆ ಧೈರ್ಯ ಹೇಳಿ, ಮೊಣಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ಕಾರ್ಬೈಡಿನ ವಿಷಯ ಹೇಳುವ ಧೈರ್ಯ ಮಾತ್ರ ಆಗಲೂ ಬರಲಿಲ್ಲ.