ಮಾವನ ನಕಲು ಕೋವಿ

ಕೈಯಲ್ಲಿ ಆಯುಧವಿದ್ದವನ ಸುತ್ತಮುತ್ತ ಒಂದು ಭಯ ತಾನಾಗಿ ಹುಟ್ಟುತ್ತದೆ. ಕೊತ್ತಗೆರೆಯ ನನ್ನ ಸೋದರಮಾವನ ವಿಷಯದಲ್ಲಿ ಇದು ಪೂರ್ತಿ ನಿಜ. ಅವರು ಕೋವಿ ಹಿಡಿದು ಹೊರಟರೆ ನಮಗೆಲ್ಲ ಭಯವಾಗುತ್ತಿತ್ತು. ಹೊಲಕ್ಕೆ ನುಗ್ಗುವ ಕಾಡುಹಂದಿಗಳಿಗೆ ಮಾತ್ರ ಆಗುತ್ತಿರಲಿಲ್ಲ.

ತಾತನ ಕಾಲದ ಕೇಪಿನ ಕೋವಿ ತುಕ್ಕು ಹಿಡಿದಾಗ ಮಾವ ಥೇಟ್ ಅದರಂಥದೇ ಹೊಸದೊಂದನ್ನು ಮಾಡಿಸಿ, ಎರಡನ್ನೂ ಲೈಸೆನ್ಸಿಗೆ ಸೇರಿಸಿದ್ದರು. ಹಳೆಯದು ಆಯುಧಪೂಜೆಗೆ, ನಕಲು ಗುಂಡು ಹಾರಿಸುವುದಕ್ಕೆ. ತೋಟಾ ಹಾಕುವ ಕೋವಿಯನ್ನೇ ಕೊಳ್ಳಬಾರದೇ ಎಂದರೆ, "ಅದು ಬೀಡಿ ಹಚ್ಚಿದಂಗೆ ಕಣೋ. ಇದು ಹೋಮ" ಎನ್ನುತ್ತಿದ್ದರು.

ಹೋಮವೇ ಸರಿ. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಬೇಕು, ಗಜವೆಂಬ ಕಬ್ಬಿಣದ ಕಡ್ಡಿಯಿಂದ ಜಡಿಯಬೇಕು. ಆಮೇಲೆ ಸೀಸದ ಚರೆ, ಮತ್ತೆ ನಾರು, ಮತ್ತೆ ಗಜ, ಕೊನೆಗೆ ಕಿಡಿ ಹೊತ್ತಿಸುವ ಕೇಪು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಕೂಗುತ್ತಿದ್ದರು: "ಹಂದಿ ಕಡ್ಲೆಕಾಯಿ ತಿಂದು ಮನೆಗೋಯ್ತು. ನಿಮ್ದಾಯ್ತಾ?"

"ಆತುರ ಮಾಡಿದ್ರೆ ನಳಿಗೆ ಸಿಡೀತದೆ ಕಣೇ. ಹಂದಿ ನಾಳೇನೂ ಬತ್ತದೆ."

ಚುನಾವಣೆ ಬಂದಾಗ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕಲ್ಲ? ತೊಂಬತ್ತರ ದಶಕದಲ್ಲಿ ದೆಹಲಿಯ ಸರ್ಕಾರಗಳು ಬಿದ್ದ ರಭಸಕ್ಕೆ ಮಾವನ ಕೋವಿಗಳು ಠಾಣೆಯಲ್ಲೇ ಸಂಸಾರ ಹೂಡಿದಂತಿತ್ತು. ಮಾವ ನಳಿಗೆಗೆ ಸವರುವ ಎಣ್ಣೆ ಸೀಸೆ ಹಿಡಿದು ವಾರವಾರವೂ ಕುಣಿಗಲ್ ಠಾಣೆಗೆ ಹೋಗಿ ನೋಡಿ ಬರುತ್ತಿದ್ದರು.

"ನನ್ ಬಾಣಂತನದಾಗೂ ಹಿಂಗೆ ಬಂದು ನೋಡ್ಲಿಲ್ಲ ಈ ಮನುಷ್ಯ," ಎನ್ನುತ್ತಿದ್ದರು ಅತ್ತೆ.

ಆಮೇಲೊಂದು ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಇದನ್ನು ಹಿಸುಕುತ್ತಿದ್ದರೆ ಕೈ ಬರಬಹುದು, ಬಿಟ್ಟರೆ ಬರುವುದಿಲ್ಲ ಎಂದು ತುಮಕೂರಿನ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. "ನಾನೇನು ಕೂಸಾ?" ಎಂದು ಮಾವ ಅದನ್ನು ಮಂಚದ ಕೆಳಗೆ ಉರುಳಿಸಿ ಗೋಡೆಯ ಕಡೆ ತಿರುಗಿಕೊಂಡರು. ಅತ್ತೆ ತುತ್ತು ಮಾಡಿ ಬಾಯಿಗಿಟ್ಟರೆ ಕಣ್ಣು ಮುಚ್ಚಿ ನುಂಗುತ್ತಿದ್ದರು.

ಒಂದು ಭಾನುವಾರ ನಾನು ಉಪ್ಪಾರಹಳ್ಳಿಯಿಂದ ನೋಡಲು ಹೋದಾಗ ಮಾವ ಜಗಲಿಯ ಮೇಲಿದ್ದರು. ಮಂಡಿಗಳ ನಡುವೆ ನಕಲು ಕೋವಿ, ಪಕ್ಕದಲ್ಲಿ ಒಂದು ಬಟ್ಟಲು ರಾಗಿಹಿಟ್ಟು.

"ತುಂಬ್ರಿ," ಎಂದರು ಅತ್ತೆ.

"ಮದ್ದೆಲ್ಲೇ?" ಮಾವನ ನಾಲಿಗೆ ಇನ್ನೂ ತೊದಲುತ್ತಿತ್ತು.

"ಸದ್ಯಕ್ಕೆ ಇದೇ ಮದ್ದು. ಹೊಲಕ್ಕೆ ಹಂದಿ ಬಂದೈತೆ."

"ಎಲ್ಲೈತೆ?"

"ತುಂಬಿದ್ರೆ ತೋರುಸ್ತೀನಿ."

ಹಿಟ್ಟು ಪಂಚೆಯ ಮೇಲೆಲ್ಲ ಚೆಲ್ಲಿತು. ಗಜ ಜಾರಿ ಬಿತ್ತು. ಅತ್ತೆ ಎತ್ತಿಕೊಟ್ಟರು, ಮತ್ತೆ ಬಿತ್ತು. ಆಮೇಲೆ ಮಾವನ ಬೆರಳುಗಳ ಮೇಲೆ ತಮ್ಮ ಬೆರಳು ಮುಚ್ಚಿ, ಇಬ್ಬರೂ ಸೇರಿ ಮೆಲ್ಲಗೆ ಜಡಿದರು.

"ನಳಿಗೆ ಕೆಡುತ್ತಲ್ಲ ಅತ್ತೆ," ಎಂದೆ.

"ಕೆಟ್ರೆ ಕೆಡ್ಲಿ ಬುಡು. ಕೈ ಬಂದ್ರೆ ಸಾಕು."

ನಳಿಗೆ ಕೆಟ್ಟಿತು. ಯುಗಾದಿಯ ಹೊತ್ತಿಗೆ ಮಾವ ಬಲಗೈಯಲ್ಲೇ ಊಟ ಮಾಡುತ್ತಿದ್ದರು.