ಎರಡು ವೀಳ್ಯ, ಒಂದು ಓಟು

ಮಕ್ಕಳೇ, ‘ಬೇಡ’ ಎನ್ನುವುದು ಕೆಲವರಿಗೆ ಸೀನಿನಷ್ಟು ಸಲೀಸಾಗಿ ಬರುತ್ತದೆ. ನನಗೆ ಅದು ಗಂಟಲವರೆಗೆ ಬಂದು, ಅಲ್ಲೇ ಸ್ವಲ್ಪ ಹೊತ್ತು ಕೂತು, ‘ಹೂಂ’ ಆಗಿ ಹೊರಬೀಳುತ್ತದೆ. ನಮ್ಮ ಮನೆಯಲ್ಲಿ ಚಹಾ ಸೋಸುವ ಜರಡಿಗಳು ನಾಲ್ಕಿರುವುದನ್ನು ನೀವು ನೋಡಿದ್ದೀರಿ. ನಾಲ್ಕನೆಯದನ್ನು ಕೊಂಡ ದಿನ ನಾನು ಬಾಗಿಲು ತೆಗೆದದ್ದೇ ಆ ಮಾರುವವನಿಗೆ ‘ಬೇಡಪ್ಪ’ ಎಂದು ಹೇಳಲಿಕ್ಕೆ.

ಇಂಥ ನನ್ನ ಪಾಲಿಗೆ ಕಳೆದ ಸಲ ಆಂಧ್ರಕ್ಕೆ ಸೇರಿದ ನಮ್ಮ ರಾಯದುರ್ಗದ ಮುನ್ಸಿಪಾಲಿಟಿ ಎಲೆಕ್ಷನ್ ಬಂತು. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ನಿಂತವರಿಬ್ಬರೂ ನಮ್ಮ ಓಣಿಯವರೇ. ಪಕ್ಕದ ಮನೆಯ ನಿರ್ಮಲಾ ಒಬ್ಬಳು. ನನಗೆ ಜ್ವರ ಬಂದಾಗ ಎಂಟು ದಿನ ಗಂಜಿ ತಂದುಕೊಟ್ಟವಳು. ಇನ್ನೊಬ್ಬಳು ಎದುರು ಮನೆಯ ಪಾರ್ವತಿ, ನನ್ನ ನಾದಿನಿಯ ಮಗಳು.

ಮೊದಲು ನಿರ್ಮಲಾ ಬಂದಳು. “ಅವ್ವಾ, ಹೊಲಿಗಿ ಮಷೀನು ನಮ್ಮ ಗುರ್ತು. ನಿಮ್ಮ ಓಟು ನನಗಾ, ಹೌದಿಲ್ರಿ?”

“ಹೂಂ.”

“ಹಂಗಾದ್ರ ಎಲಿಅಡಿಕಿ ಹಿಡೀರಿ.”

ನಮ್ಮಲ್ಲಿ ಎಲೆಅಡಿಕೆ ಹಿಡಿದರೆ ಮುಗಿಯಿತು. ಹೆಣ್ಣು ಕೊಡುವ ಮಾತಾಗಲಿ, ಕುರಿ ಮಾರುವ ಮಾತಾಗಲಿ, ವೀಳ್ಯ ಅಂಗೈಗೆ ಬಿದ್ದ ಮೇಲೆ ತಿರುಗಿಸುವಂತಿಲ್ಲ. ನಾನು ಹಿಡಿದೆ.

ಅದೇ ಸಂಜೆ ಪಾರ್ವತಿ ತಟ್ಟೆಯೊಂದಿಗೆ ಬಂದಳು. “ಅತ್ತಿ, ಗ್ಯಾಸಿನ ಒಲಿ ನಂದು. ನಮ್ಮ ಮಾವ ಇದ್ದಿದ್ರ ಯಾರಿಗೆ ಹಾಕು ಅಂತಿದ್ದ, ನೀನಾ ಹೇಳು.” ನಿಮ್ಮ ಅಜ್ಜ ಇರುವವರೆಗೂ ಬೂತಿನ ಮೆಟ್ಟಿಲಲ್ಲಿ ನಿಂತು ಇಂಥ ಗುರುತು ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಈಗ ಆ ಕಿವಿ ಖಾಲಿ. “ಯಾಕ ಸುಮ್ಕಾದಿ? ಆಕಿ ಗಂಜಿ ಇನ್ನಾ ಹೊಟ್ಟ್ಯಾಗ ಐತೇನು?” ಎಂದಳು. ಹಾಗಲ್ಲವೆನ್ನಲು ಕೈ ಮುಂದೆ ಮಾಡಿದೆ. ಅವಳು ಅದರಲ್ಲಿ ವೀಳ್ಯ ಇಟ್ಟುಬಿಟ್ಟಳು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ದೇವರ ಗೂಡಿನಲ್ಲಿ ಎರಡು ವೀಳ್ಯ ಅಕ್ಕಪಕ್ಕ ಒಣಗುತ್ತಿದ್ದವು. ಅಂಗಳ ಗುಡಿಸಿದ್ದನ್ನೇ ಗುಡಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಂದನ್ನಾದರೂ ಹಿಂದಿರುಗಿಸೋಣವೆಂದು ಧೈರ್ಯ ಮಾಡಿ, ಸೆರಗಿನಲ್ಲಿ ಕಟ್ಟಿಕೊಂಡು ನಿರ್ಮಲಾಳ ಮನೆಗೆ ಹೋದೆ. “ಬರ್ರಿ ಬರ್ರಿ, ನಮ್ಮ ಕಡಿಯವ್ರು ಬಂದ್ರು!” ಎಂದು ಕಾಫಿ ಕೊಟ್ಟಳು. ಬರುವಾಗ ನನ್ನ ಸೆರಗಿನಲ್ಲಿ ವೀಳ್ಯವೂ ಇತ್ತು, ಕಂಕುಳಲ್ಲಿ ಹಂಚಬೇಕಾದ ಅವಳ ಪಾಂಪ್ಲೆಟ್ಟುಗಳ ಕಟ್ಟೂ ಇತ್ತು.

ಓಟಿನ ದಿನ ಚೀಟಿ ಕೊಟ್ಟರು, ರಬ್ಬರ್ ಮುದ್ರೆ ಕೊಟ್ಟರು. ರಟ್ಟಿನ ಮರೆಗೆ ಹೋಗಿ ಹೊಲಿಗೆ ಮಷೀನಿನ ಮೇಲೆ ಒತ್ತಿದೆ. ಒತ್ತಿದ ಕೂಡಲೇ ಪಾರ್ವತಿಯ ಮುಖ ಕಣ್ಣೆದುರು ಬಂತು. “ಏಮಮ್ಮಾ, ಇಂಕಾ ಕಾಲೇದಾ?” ಇನ್ನೂ ಆಗಲಿಲ್ಲವೇ ಎಂದು ಆಫೀಸರು ತೆಲುಗಿನಲ್ಲಿ ಕೂಗಿದರು. ಗಾಬರಿಯಲ್ಲಿ ಗ್ಯಾಸ್ ಒಲೆಯ ಮೇಲೂ ಒತ್ತಿದೆ. ಮಡಚಿ ಡಬ್ಬಿಗೆ ಹಾಕಿ ಹೊರಗೆ ಬಂದಾಗ ಎದೆ ಹಗುರಾಗಿತ್ತು. ಎರಡು ವೀಳ್ಯ, ಎರಡು ಮುದ್ರೆ. ಮಾತು ಉಳಿಯಿತೆಂದು ಅಂದು ಎರಡು ಮುದ್ದೆ ಉಂಡೆ.

ಎಣಿಕೆಯ ದಿನ ಇಬ್ಬರಿಗೂ ಸಮಸಮ ಬಂತು. ತಳ್ಳಿಹಾಕಿದ ಚೀಟಿಗಳನ್ನು ಮತ್ತೆ ತೆಗೆದು ನೋಡಿದರಂತೆ. ಇದ್ದದ್ದು ಒಂದೇ. “ಯಾವಾಕಿನೋ ಎರಡಕ್ಕೂ ಗುದ್ದ್ಯಾಳ! ಅದು ಲೆಕ್ಕಕ್ಕಿಲ್ಲಂತ,” ಎಂದು ಓಣಿಯೆಲ್ಲ ನಕ್ಕಿತು. ಲೆಕ್ಕಕ್ಕಿಲ್ಲವೆಂಬುದು ನನಗೆ ತಿಳಿದದ್ದು ಆಗಲೇ. ಕೊನೆಗೆ ಹೆಸರು ಬರೆದು ಚೀಟಿ ಎತ್ತಿದರು, ನಿರ್ಮಲಾ ಗೆದ್ದಳು.

ಅವಳು ಪೇಡೆ ತಂದು, “ನೀವು ಹಾಕಿದ್ದಕ್ಕಾ ಸಮ ಆತ್ರಿ ಅವ್ವಾ,” ಎಂದು ಕಾಲಿಗೆ ಬಿದ್ದಳು. ಪಾರ್ವತಿ ಬಂದು, “ನೀನರ ಹಾಕಿದ್ಯಲ್ಲ ಅತ್ತಿ, ಅಷ್ಟು ಸಾಕು,” ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಇಬ್ಬರಿಗೂ ಹಾಕಿದ್ದೆ, ಸುಳ್ಳೇನಲ್ಲ. ಆದರೂ ಪೇಡೆಯನ್ನು ಬಾಯಿಗಿಡದೆ ದೇವರ ಗೂಡಿನಲ್ಲಿಟ್ಟೆ.

ಈಗ ತಿಂಗಳಿಂದ ನಮ್ಮ ನಲ್ಲಿಗೆ ನೀರಿಲ್ಲ. ಕೌನ್ಸಿಲರು ಗೋಡೆಯಾಚೆಗೇ ಇದ್ದಾಳೆ. ಯಾವ ಮುಖ ಹೊತ್ತು ಕೇಳಲಿ? ಬಿಂದಿಗೆ ಹಿಡಿದು ಹಿಂದಿನ ಓಣಿಯ ಬೋರಿಗೆ ಹೋಗುತ್ತೇನೆ. ಪಾರ್ವತಿ ಕಂಡರೆ ಬಿಂದಿಗೆ ಕಸಿದುಕೊಂಡು ತಾನೇ ಹೊರುತ್ತಾಳೆ. “ಆ ಎರಡು ಗುದ್ದಿದಾಕಿ ಕೈ ಸೇದಿ ಹೋಗ!” ಎಂದು ದಾರಿಯುದ್ದಕ್ಕೂ ಶಪಿಸುತ್ತಾಳೆ. ನಾನು ಖಾಲಿ ಕೈ ಬೀಸಿಕೊಂಡು ಅವಳ ಪಕ್ಕದಲ್ಲೇ ನಡೆಯುತ್ತಾ, “ಬಿಡವ್ವಾ, ಅಂಥಾಕಿಗೆ ಬುದ್ಧಿ ಎಲ್ಲಿಂದ ಬರ್ಬೇಕು,” ಎನ್ನುತ್ತೇನೆ.